ಮಳೆ ಇಲ್ಲದ ದಿನ ಮಳೆ ಪೈಪಲ್ಲಿ ನೀರು ಯಾಕೆ?

ಇವತ್ತಿನ ಮಾತು ಪುಣೆಯಲ್ಲಿರೋ ಕನ್ನಡಿಗರನ್ನ ಮನಸ್ಸಲ್ಲಿಟ್ಟುಕೊಂಡು ಆಡ್ತಿರೋದು. ಆದರೆ ಫ್ಲಾಟಲ್ಲಿರೋ ಯಾರಿಗಾದರೂ ಇದು ಅನ್ವಯಿಸುತ್ತೆ.

ಮೊದಲು ಒಂದು ಮ್ಯಾಪ್ ಕಣ್ಮುಂದೆ ತಂದುಕೊಳ್ಳಿ. ಬಾಣೇರ್, ಹಿಂಜವಡಿ ಕಡೆ ಬಿದ್ದ ಮಳೆ ಹಳ್ಳ-ನಾಲಾಗಳಲ್ಲಿ ಹರಿದು ಮುಳಾ ನದಿಗೆ ಹೋಗುತ್ತೆ. ಬಾವಧನ್, ಪಾಷಾಣ್ ಕಡೆಯದು ರಾಮನದಿ ಮೂಲಕ ಅದೇ ಮುಳಾ ಸೇರುತ್ತೆ. ಸಂಗಮವಾಡಿಯಲ್ಲಿ ಮುಳಾ, ಮುಠಾ ಎರಡೂ ಕೂಡಿ, ಮುಂದೆ ಭೀಮೆಗೆ ಬೀಳುತ್ತವೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರ, ಗಾಣಗಾಪುರದ ಕಡೆ ಬರುತ್ತಾಳೆ. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ ಸೇರುತ್ತಾಳೆ. ಅಂದರೆ ನಿಮ್ಮ ಸೊಸೈಟಿ ಪಾರ್ಕಿಂಗಿನ ಕೆಳಹರಿವಿನಲ್ಲಿ ಇರೋರು ನಮ್ಮೂರಿನವರೇ.

ಈಗ ಮುಖ್ಯ ವಿಷಯ. ಬಿಲ್ಡಿಂಗಲ್ಲಿ ಎರಡು ಬೇರೆ ಬೇರೆ ಲೈನ್ ಇರುತ್ತೆ. ಬಾತ್‌ರೂಮ್, ಅಡುಗೆಮನೆ ನೀರು ಕೊಳಚೆ ಲೈನಿಗೆ. ಟೆರೇಸ್, ಬಾಲ್ಕನಿ, ಪಾರ್ಕಿಂಗ್ ನೀರು ಮಳೆ ಲೈನಿಗೆ. ಕೊಳಚೆ ನೀರೆಲ್ಲ ಪೂರ್ತಿ ಶುದ್ಧ ಆಗುತ್ತೆ ಅಂತ ನಾನು ಹೇಳಲ್ಲ, ಆದರೆ ಅದಕ್ಕೆ ಅಂತ ಒಂದು ಘಟಕವಾದರೂ ಇರುತ್ತೆ. ಮಳೆ ಲೈನಿಗೆ ಏನೂ ಇಲ್ಲ. ಅದರೊಳಗೆ ಹೋಗಿದ್ದು ನೇರ ನಾಲಾಕ್ಕೆ.

ಎಡವೋದು ಎಲ್ಲಿ ಗೊತ್ತಾ? ಬಾಲ್ಕನಿಯಲ್ಲಿ. ಜಾಗ ಸಾಲಲ್ಲ ಅಂತ ವಾಷಿಂಗ್ ಮಷಿನ್ ಅಲ್ಲಿಡ್ತೀವಿ, ಪೈಪನ್ನ ಅಲ್ಲೇ ಇರೋ ತೂತಿಗೆ ಬಿಡ್ತೀವಿ. ಎಷ್ಟೋ ಕಡೆ ಅದು ಮಳೆ ಪೈಪ್. ಒಂದು ಸಲ ಬಟ್ಟೆ ಒಗೆದರೆ 50 ಲೀಟರಿಗಿಂತ ಹೆಚ್ಚು ಸೋಪಿನ ನೀರು ಸುಲಭವಾಗಿ ಹೋಗುತ್ತೆ. 100 ಮನೆಯಲ್ಲಿ ದಿನಕ್ಕೊಂದು ಸಲ ಅಂದ್ರೂ 5,000 ಲೀಟರ್. ಇನ್ನೊಂದು ಮಾತು: ನಿಮ್ಮ ಸೊಸೈಟಿ ಮಳೆ ಪೈಪನ್ನ ಇಂಗುಗುಂಡಿಗೆ ಕೊಟ್ಟಿದ್ದರೆ, ಆ ಸೋಪು ಇಳಿಯೋದು ನಿಮ್ಮದೇ ಬೋರ್‌ವೆಲ್ ಕಡೆಗೆ!

ಇದನ್ನ ಕಂಡುಹಿಡಿಯೋಕೆ ಲ್ಯಾಬ್ ಬೇಡ. ನಾಲ್ಕು ದಿನ ಮಳೆ ಇಲ್ಲದಿರುವಾಗ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಪ್ಲಂಬರ್ ಕೈಲಿ ಮಳೆ ಲೈನಿನ ಚೇಂಬರ್ ಮುಚ್ಚಳ ತೆಗೆಸಿ. ಒಣಗಿರಬೇಕು. ನೀರು ಹರೀತಿದ್ರೆ ಟ್ಯಾಂಕ್ ಓವರ್‌ಫ್ಲೋ ಇರಬಹುದು, ನೆಲದಿಂದ ಒಸರಿರಬಹುದು. ನೊರೆ ಇದ್ರೆ ಮಾತ್ರ ಮೇಲೆ ಯಾವುದೋ ಮನೆ ಲೈನ್ ತಪ್ಪಾಗಿ ಸೇರಿರೋ ಸಾಧ್ಯತೆ ಹೆಚ್ಚು.

ಪಾರ್ಕಿಂಗ್ ಕಥೆಯೂ ಇಷ್ಟೇ. 1,000 ಚದರ ಮೀಟರ್ ಅಂಗಳದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಮೇಲಿರೋ ಎಣ್ಣೆ, ಟೈರಿನ ಪುಡಿ, ನಾಯಿ ಹೇಲು, ಸಿಗರೇಟ್ ತುಂಡು ಎಲ್ಲ ಬಾಚಿಕೊಂಡು ಹೋಗುತ್ತೆ. ಮೊದಲ ಮಳೆ ನೀರೇ ಹೆಚ್ಚು ಕೊಳಕು. ಹಾಗಾಗಿ ಜೂನ್‌ಗೆ ಮೊದಲೇ ಅಂಗಳ ಗುಡಿಸಿ. ನೀರು ಬಿಟ್ಟು ತೊಳೀಬೇಡಿ, ತೊಳೆದರೆ ಅದೂ ಅದೇ ಜಾಲರಿಗೇ ಹೋಗೋದು. ಎಣ್ಣೆ ಸೋರಿದ ಕಡೆ ಮರದ ಹೊಟ್ಟು ಹಾಕಿ, ಎತ್ತಿ ಚೀಲದಲ್ಲಿ ಕಟ್ಟಿ. ಕಾರನ್ನ ಒಂದು ಬಕೆಟ್, ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಗೆ ಪೇಂಟ್, ಟೈಲ್ಸ್ ಕೆಲಸ ಮಾಡಿಸುವಾಗ ಬ್ರಷ್, ಸಿಮೆಂಟ್ ಬಾಂಡ್ಲಿ ಎಲ್ಲಿ ತೊಳೀತಾರೆ ಅಂತ ಒಂದು ಕಣ್ಣಿಡಿ. ಸಿಮೆಂಟ್ ಪೈಪಿನೊಳಗೇ ಗಟ್ಟಿಯಾದರೆ ಮುಂದಿನ ಮಳೆಗೆ ನೀರು ನಿಲ್ಲೋದು ನಿಮ್ಮ ಬೇಸ್‌ಮೆಂಟಲ್ಲೇ.

"ಸರ್, ನಾವು ಬಾಡಿಗೆಗಿರೋರು, ಹನ್ನೊಂದು ತಿಂಗಳ ಅಗ್ರಿಮೆಂಟು, ನಮಗ್ಯಾಕೆ?" ಅಂತೀರಿ. ಸೊಸೈಟಿ ಮೀಟಿಂಗಲ್ಲಿ ನಿಮಗೆ ಓಟಿಲ್ಲ, ನಿಜ. ಆದರೆ ಮಷಿನ್ ನಿಮ್ಮದು, ಸೋಪು ನಿಮ್ಮದು. ಆ ಪೈಪನ್ನ ಬಾತ್‌ರೂಮಿನ ಜಾಲರಿಗೆ ತಿರುಗಿಸೋಕೆ ಓನರ್ ಅನುಮತಿ ಬೇಕಿಲ್ಲ. ಪೈಪ್ ಗಿಡ್ಡ ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದದ್ದು ಸಿಗುತ್ತೆ. ಅಗ್ರಿಮೆಂಟ್ ಮುಗಿದರೆ ನೀವು ಮನೆ ಬದಲಾಯಿಸ್ತೀರಿ. ಭೀಮೆ ದಂಡೆಯಲ್ಲಿರೋರು ನದಿ ಬದಲಾಯಿಸೋಕಾಗಲ್ಲ.

ಈ ಶನಿವಾರ ಮಷಿನ್ ಹಾಕುವಾಗ ಒಂದು ನಿಮಿಷ ಬಾಲ್ಕನಿಗೆ ಹೋಗಿ, ನೀರು ಯಾವ ತೂತಿಗೆ ಇಳೀತಿದೆ ಅಂತ ನೋಡಿ.