ಕಳ್ಳನ ಮನೆಗೆ ಕನ್ನವಿಕ್ಕಬಹುದೇ?

(ಸುವರ್ಣ ಮಹೋತ್ಸವದ ವಿದ್ವತ್ಸಭೆಯಲ್ಲಿ ಓದಿದ ಉಪನ್ಯಾಸ)



ಪೂರ್ವದಲ್ಲಿ ಕಳ್ಳನು ರಾತ್ರಿಯ ಹೊತ್ತು ಗೋಡೆಗೆ ಕನ್ನವಿಕ್ಕಿ ಬರುತ್ತಿದ್ದನು. ಬಂದವನ ಕಾಲಿನ ಸಪ್ಪಳವಾದರೂ ಕೇಳಿಸುತ್ತಿತ್ತು. ಈಗಿನ ಕಳ್ಳನು ಹಾಡುಹಗಲಿನಲ್ಲಿ ಮೊಬೈಲು ಫೋನಿನೊಳಗಿಂದ ಬರುವನು. ಬಂದು, ತಾನೇ ಪೋಲೀಸು ಅಧಿಕಾರಿಯೆಂದು ಗದರಿಸುವನು. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನವು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು 2024ನೆಯ ಅಕ್ಟೋಬರಿನಲ್ಲಿ ಪ್ರಧಾನ ಮಂತ್ರಿಗಳೇ ಆಕಾಶವಾಣಿಯಲ್ಲಿ ಹೇಳಬೇಕಾಗಿ ಬಂದಿತೆಂದರೆ, ಈ ಪಿಡುಗು ಎಷ್ಟು ಹಬ್ಬಿರುವುದೆಂಬುದನ್ನು ಊಹಿಸಬಹುದು. ಇವರಿಗಿಂತಲೂ ಕ್ರೂರಿಗಳಾದವರು ಮತ್ತೊಂದು ಬಗೆಯವರು. ಅವರು ಸ್ನೇಹದ ಸೋಗಿನಿಂದ ತರುಣರ ಗುಟ್ಟಿನ ಚಿತ್ರಗಳನ್ನು ಪಡೆದು, ಹಣ ಕೊಡದಿದ್ದರೆ ಬಂಧುಬಳಗಕ್ಕೆಲ್ಲ ತೋರಿಸುವೆವೆಂದು ಹೆದರಿಸುವರು. ಮಾನಕ್ಕಂಜಿದ ಮಕ್ಕಳು ಪ್ರಾಣವನ್ನೇ ಬಿಟ್ಟ ಉದಾಹರಣೆಗಳು ಹಲವು ದೇಶಗಳಲ್ಲಿ ಆಗಿಹೋಗಿವೆ.

ಈಗ ಒಂದು ಸಂದರ್ಭವನ್ನು ಭಾವಿಸಿರಿ. ನಿವೃತ್ತ ಉಪಾಧ್ಯಾಯರೊಬ್ಬರು ಮಗಳ ಮದುವೆಗೆಂದು ಕೂಡಿಟ್ಟ ಹಣವು ಇಂತಹವರ ಪಾಲಾಯಿತು. ಅವರ ಮಗನು ಕಂಪ್ಯೂಟರು ವಿದ್ಯೆಯಲ್ಲಿ ಪಳಗಿದವನು. ವಂಚಕನ ಯಂತ್ರದ ಬಾಗಿಲು ಸಡಿಲವಾಗಿರುವುದು ಅವನ ಕಣ್ಣಿಗೆ ಬಿದ್ದಿದೆ. ಒಳಹೊಕ್ಕು, ಅಲ್ಲಿರುವುದನ್ನೆಲ್ಲ ಅಳಿಸಿ, ಕೈಗೆ ಸಿಕ್ಕಿದಷ್ಟು ಹಣವನ್ನು ಎಳೆದುಕೊಳ್ಳಲೇ ಎಂದು ಅವನು ಹಿರಿಯರನ್ನು ಕೇಳುತ್ತಾನೆ. ಹಿರಿಯರು ಏನು ಹೇಳಬೇಕು?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯು ಯಾರ ಬಾಯಿಗಾದರೂ ಬರುವುದು. ಶಾಸ್ತ್ರದ ಬೆಂಬಲವೂ ಇಲ್ಲದಿಲ್ಲ. ಸ್ಮೃತಿಕಾರರು ಎಣಿಸಿದ ಆರು ಬಗೆಯ ಆತತಾಯಿಗಳಲ್ಲಿ, ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು ಮುಂತಾದವರ ಸಾಲಿನಲ್ಲಿಯೇ ಧನಾಪಹಾರಿಯೂ ಇದ್ದಾನೆ. ಮೇಲೆ ಬೀಳಲು ಬಂದ ಆತತಾಯಿಯನ್ನು ಎದುರಿಸುವುದರಲ್ಲಿ ದೋಷವಿಲ್ಲವೆಂಬುದು ಅವರ ಮತ. ಈಗಿನ ಶಾಸನವೂ ಇದನ್ನು ಪೂರ್ತಿಯಾಗಿ ತಳ್ಳಿಹಾಕಿಲ್ಲ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಸ್ವತ್ತನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಆದರೆ ಕಳ್ಳನು ಸ್ವತ್ತಿನೊಡನೆ ತಪ್ಪಿಸಿಕೊಂಡು ಹೋದ ಮೇಲೆ ಆ ಹಕ್ಕು ನಿಲ್ಲುವುದು. ಅಧಿಕಾರಿಗಳ ನೆರವನ್ನು ಪಡೆಯಲು ಸಮಯವಿರುವಲ್ಲಿಯೂ ಅದು ಸಲ್ಲದು. ಇತ್ತ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ, ಒಡೆಯನ ಅಪ್ಪಣೆಯಿಲ್ಲದೆ ಪರರ ಕಂಪ್ಯೂಟರನ್ನು ಹೊಕ್ಕವನು ನಷ್ಟವನ್ನು ತುಂಬಿಕೊಡಬೇಕು. ಅಪ್ರಾಮಾಣಿಕ ಬುದ್ಧಿಯಿಂದ ಹೊಕ್ಕಿದ್ದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆ ಒಡೆಯನು ಕಳ್ಳನಾಗಿದ್ದರೆ ಬಾಧಕವಿಲ್ಲವೆಂದು ಅಲ್ಲಿ ಬರೆದಿಲ್ಲ.

ಕಾನೂನಿನ ಮಾತು ಅಂತಿರಲಿ. ಹಳೆಯ ಆತತಾಯಿಯು ಕಣ್ಣೆದುರಿಗೆ ನಿಂತಿರುತ್ತಿದ್ದನು. ಕೊಟ್ಟ ಪೆಟ್ಟು ಯಾರಿಗೆ ತಗಲುವುದೆಂಬುದರಲ್ಲಿ ಸಂಶಯವಿರಲಿಲ್ಲ. ಈ ಹೊಸ ಕಳ್ಳನಿಗೆ ಮುಖವೇ ಇಲ್ಲ. ಅವನು ಬಳಸುವ ಯಂತ್ರವು ಅನೇಕ ವೇಳೆ ಮತ್ತಾವನೋ ನಿರಪರಾಧಿಯದು. ಆ ಬಡಪಾಯಿಗೆ ತಿಳಿಯದಂತೆಯೇ ವಶಪಡಿಸಿಕೊಂಡದ್ದು. ಹಣವು ಹೋಗಿ ಬೀಳುವ ಬ್ಯಾಂಕು ಖಾತೆಯು ಅಲ್ಪ ಕಾಸಿನ ಆಸೆಗೆ ಹೆಸರನ್ನು ಬಾಡಿಗೆ ಕೊಟ್ಟವನದು. ಫೋನಿನಲ್ಲಿ ಮಾತನಾಡಿದವನಾದರೂ ಯಾರು? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ನೆಯ ಆಗಸ್ಟಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮ್ಯಾನ್ಮಾರ್ ದೇಶದಲ್ಲಿ ಕಡಮೆಯೆಂದರೂ 1,20,000 ಮಂದಿಯೂ, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿಯೂ ಬಲಾತ್ಕಾರದಿಂದ ಈ ವಂಚನೆಯ ಕೆಲಸಕ್ಕೆ ಹಚ್ಚಲ್ಪಟ್ಟಿರಬಹುದು. ಇವರಲ್ಲಿ ಬಹುಮಂದಿ ನೌಕರಿಯ ಜಾಹೀರಾತನ್ನು ನಂಬಿ ಹೋದವರು. ಅಲ್ಲಿ ಪಾಸುಪೋರ್ಟನ್ನು ಕಳೆದುಕೊಂಡು, ಹೊಡೆತ ತಿನ್ನುತ್ತ ದುಡಿಯುವವರು. 2025ನೆಯ ಮಾರ್ಚಿನಲ್ಲಿ ಭಾರತ ಸರಕಾರವು ವಾಯುಸೇನೆಯ ವಿಮಾನಗಳನ್ನು ಕಳುಹಿಸಿ ಇಂತಹ ತಾಣಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮಾರ್ಗವಾಗಿ ಕರೆತಂದಿತು. ಉಪಾಧ್ಯಾಯರ ಮಗನು ಕೆಡಿಸಿಹಾಕುವ ಯಂತ್ರದ ಮುಂದೆ ಅಂತಹ ಬಂದಿಯೊಬ್ಬನು ಕುಳಿತಿದ್ದರೆ, ಆ ರಾತ್ರಿಯ ಚಾಟಿಯೇಟು ಯಾರ ಬೆನ್ನಿನ ಮೇಲೆ ಬೀಳುವುದು?

ಹಾಗಾದರೆ ಒಳಹೊಕ್ಕವರೆಲ್ಲರೂ ಪಾಪಿಗಳೇ ಎಂದರೆ, ಅಷ್ಟು ಸುಲಭವಾಗಿ ಹೇಳಲು ಬಾರದು. ಜಿಮ್ ಬ್ರೌನಿಂಗ್ ಎಂಬ ಹುಸಿಹೆಸರಿನ ಬ್ರಿಟಿಷ್ ಗೃಹಸ್ಥನೊಬ್ಬನು ಗುರುಗ್ರಾಮದ ವಂಚಕರ ಕಚೇರಿಯ ಕಂಪ್ಯೂಟರುಗಳನ್ನೂ ಕಾವಲು ಕ್ಯಾಮರಾಗಳನ್ನೂ ದೂರದಿಂದಲೇ ಹೊಕ್ಕು, ಅವರ ಮಾತುಕತೆಯನ್ನು ಸೆರೆಹಿಡಿದನು. 2020ನೆಯ ಮಾರ್ಚಿನಲ್ಲಿ ಬಿ.ಬಿ.ಸಿ.ಯವರು ಅದನ್ನು ಪ್ರಸಾರ ಮಾಡಿದ ಮೇಲೆಯೇ ಪೋಲೀಸರು ಆ ಕಚೇರಿಯ ಮೇಲೆ ದಾಳಿಮಾಡಿದರು. ಮೋಸಹೋಗುತ್ತಿದ್ದ ಮುದುಕರಿಗೆ ಆತನು ಎಚ್ಚರಿಕೆಯನ್ನೂ ಕೊಡುತ್ತಿದ್ದನು. (ಅಂತಹ ಚತುರನನ್ನೇ 2021ರಲ್ಲಿ ವಂಚಕರು ಮೋಸಗೊಳಿಸಿ, ಅವನ ಯೂಟ್ಯೂಬು ಚಾನೆಲನ್ನು ಅವನ ಕೈಯಿಂದಲೇ ಅಳಿಸಿದರು!) ಆತನು ನೋಡಿದನು, ಎಚ್ಚರಿಸಿದನು, ಸಾಕ್ಷ್ಯವನ್ನು ಲೋಕದ ಮುಂದಿಟ್ಟನು. ಕಾನೂನು ಏನನ್ನಾದರೂ ಹೇಳಲಿ, ಅವನನ್ನೂ ಸುಲಿಗೆಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಆದರೆ ಅಳಿಸುವುದು, ಕಸಿಯುವುದು ಬೇರೆ. ಅಳಿಸಿದವನು ಕಳ್ಳನ ಯಂತ್ರದೊಡನೆ, ಅದೇ ಕಳ್ಳನಿಂದ ಕೆಟ್ಟ ನೂರು ಮನೆಗಳ ಸಾಕ್ಷ್ಯವನ್ನೂ ಅಳಿಸುತ್ತಾನೆ. ಅಲ್ಲಿಂದ ಕಸಿದ ಹಣವು ತನ್ನ ತಂದೆಯದೋ, ಇನ್ನಾವ ವಿಧವೆಯದೋ, ಅವನೇನು ಬಲ್ಲ?

ರಾಜಾಧಿಕಾರವುಳ್ಳವರು ಒಳಹೊಕ್ಕ ಬಗೆಯನ್ನು ನೋಡಿರಿ. ಆಸ್ಪತ್ರೆ, ಶಾಲೆಗಳ ದಾಖಲೆಗಳಿಗೆ ಬೀಗ ಹಾಕಿ ಹಣ ಸುಲಿಯುತ್ತಿದ್ದ ‘ಹೈವ್’ ಎಂಬ ಗುಂಪಿನ ಜಾಲದೊಳಗೆ ಅಮೆರಿಕದ ಎಫ್.ಬಿ.ಐ.ಯವರು 2022ನೆಯ ಜುಲೈಯಿಂದ ಅಡಗಿ ಕುಳಿತರು. ಒಡನೆಯೇ ಒಡೆದುಹಾಕಲಿಲ್ಲ. ಬೀಗದ ಕೈಗಳನ್ನು ತೆಗೆದು, ಆಗ ದಾಳಿಗೆ ಸಿಕ್ಕಿದ್ದ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಗುಟ್ಟಾಗಿ ಹಂಚಿದರು. ಹೀಗೆ 13 ಕೋಟಿ ಡಾಲರುಗಳ ಸುಲಿಗೆಯು ತಪ್ಪಿತೆಂದು ಲೆಕ್ಕಹಾಕಿದ್ದಾರೆ. 2023ನೆಯ ಜನವರಿಯಲ್ಲಿ, ಜರ್ಮನಿ ಮತ್ತು ನೆದರ್ಲೆಂಡ್ಸಿನ ಪೋಲೀಸರೊಡನೆ ಕೂಡಿ, ಜಾಲವನ್ನೇ ವಶಪಡಿಸಿಕೊಂಡರು. ಆರು ತಿಂಗಳ ಕಾಲ ಕೋಪವನ್ನು ಹಿಡಿದಿಟ್ಟವರಿಗೆ ಮಾತ್ರ ಸಾಧ್ಯವಾದ ಕೆಲಸವಿದು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಆಕಳುಗಳನ್ನು ಕದ್ದೊಯ್ದ ಕಳ್ಳರಿಗೆ ಬಸವಣ್ಣನವರು ಕರುಗಳನ್ನೂ ಕಳುಹಿಸಿಕೊಟ್ಟ ಕಥೆಯನ್ನು ಕೇಳಿದವರು, ದೂರು ಕೊಡುವುದಾದರೂ ಏಕೆ, ಕ್ಷಮಿಸಿಬಿಡಬಾರದೇ ಎನ್ನಬಹುದು. ಆ ಆಕಳುಗಳು ಬಸವಣ್ಣನವರ ಸ್ವಂತದವು. ನೆರೆಮನೆಯವನ ಆಕಳುಗಳನ್ನು ಕಳ್ಳರಿಗೆ ಬಿಟ್ಟುಕೊಡುವ ಅಧಿಕಾರವನ್ನು ಆ ಕಥೆಯು ಯಾರಿಗೂ ಕೊಡುವುದಿಲ್ಲ. ದೂರು ಕೊಡುವುದು ನಾಳೆ ಮೋಸಹೋಗಲಿರುವವನಿಗೋಸ್ಕರ.

ಉಪಾಧ್ಯಾಯರ ಮಗನಿಗೆ ಕೆಲಸವಿಲ್ಲವೆಂದು ತಿಳಿಯಬಾರದು. ಹಣವು ವಂಚಕನ ಯಂತ್ರದಲ್ಲಿ ಇರುವುದಿಲ್ಲ. ಖಾತೆಯಿಂದ ಖಾತೆಗೆ ಓಡುತ್ತಿರುವುದು. ಅದನ್ನು ನಡುದಾರಿಯಲ್ಲಿ ತಡೆಯಬಲ್ಲವರು ಬ್ಯಾಂಕಿನವರು. ಆದುದರಿಂದ ಮೊದಲ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ಫೋನು ಮಾಡಿ ಖಾತೆಯ ಸಂಖ್ಯೆ, ಮೊಬಲಗು, ವೇಳೆಗಳನ್ನು ತಿಳಿಸತಕ್ಕದ್ದು. ಚಿತ್ರವನ್ನಿಟ್ಟುಕೊಂಡು ಹೆದರಿಸುವವನ ವಿಷಯದಲ್ಲಿ ಮರುದಾಳಿಯು ಇನ್ನೂ ನಿರರ್ಥಕ: ಒಂದು ಯಂತ್ರದಲ್ಲಿ ಅಳಿಸಿದ ಚಿತ್ರದ ಪ್ರತಿಯು ಮತ್ತೊಂದರಲ್ಲಿರುವುದು, ಕೆಣಕಿದರೆ ಈಗಲೇ ಹೊರಹಾಕಿಬಿಡುವನು. ಹಣವನ್ನೂ ಕೊಡದೆ, ಬಂದ ಬೆದರಿಕೆಯ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಂಡು ಮನೆಯವರಿಗೆ ಹೇಳಬೇಕು. ಹೇಳಲು ಬಂದ ಮಗುವನ್ನು ತಂದೆತಾಯಿಗಳು ಆ ದಿನವಾದರೂ ಬೈಯದಿದ್ದರೆ ಅರ್ಧ ಅಪಾಯವು ಕಳೆದಂತೆಯೇ.

ಇನ್ನು ಆ ಸಡಿಲವಾದ ಬಾಗಿಲು. ಹುಡುಗನು ಅದನ್ನು ಕಂಡ ಬಗೆಯನ್ನು ಬರೆದು ಪೋಲೀಸು ಠಾಣೆಗೆ ಕೊಡಲಿ. ಅಲ್ಲಿಯವರು ಕಾಗದವನ್ನು ಮೂಲೆಗೆ ಹಾಕಿದರೆ ಜಿಲ್ಲೆಯ ಪೋಲೀಸು ವರಿಷ್ಠರಿಗೆ, ಅವರೂ ಕಿವುಡಾದರೆ ಮ್ಯಾಜಿಸ್ಟ್ರೇಟರಿಗೆ ಬರೆದುಕೊಳ್ಳಲು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದಾರಿಯಿದೆ. ಮೂರು ಕಡೆಗೂ ನಡೆಯುವಷ್ಟರಲ್ಲಿ ಅವನ ಚಪ್ಪಲಿ ಸವೆಯುವುದು ನಿಜ. ಅದಕ್ಕಾಗಿ ಊರಿನ ನಾಲ್ಕು ಮಂದಿ ಹಿರಿಯರು ಅವನ ಜೊತೆಗೆ ಹೋಗಬೇಕು.