ಮನೆಯಂಗಳದ ಹಳೆಯ ಮರಗಳು



ಕರಾವಳಿಯಲ್ಲಿ ವರ್ಷದ ಮಳೆಯ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರಿನವರೆಗಿನ 4 ತಿಂಗಳಲ್ಲೇ ಸುರಿಯುವುದು. ನೆನೆದ ಮಣ್ಣಿನಲ್ಲಿ ಬೇರಿನ ಹಿಡಿತವು ಸಡಿಲುವುದು. ಹೆಂಚಿನ ಮಾಡಿನ ಮೇಲೆ ಚಾಚಿದ ಮಾವು, ಹಲಸುಗಳನ್ನು ಕಂಡು ಮನೆಯವರು ಭಯಪಡುವುದು ಸಹಜವೇ. ಆದರೆ ಭಯದಿಂದ ಮರದ ತಲೆಯನ್ನೇ ಕಡಿಸುವ ರೂಢಿಯು ತಪ್ಪು. ಕಡಿದ ತುದಿಯಲ್ಲಿ ಒತ್ತಾಗಿ ಹೊರಡುವ ಚಿಗುರುಕೊಂಬೆಗಳ ಬುಡವು ಬಲಹೀನವಾದುದು. ಗಾಯದೊಳಗೆ ನೀರಿಳಿದು ಕಾಂಡವು ಕೊಳೆಯುವುದು. ಕೆಲವೇ ವರ್ಷಗಳಲ್ಲಿ ಅಪಾಯವು ಮೊದಲಿಗಿಂತ ಹೆಚ್ಚುವುದು.

ಒಣಗಿದ ಹಾಗೂ ಮಾಡಿಗೆ ತಗಲುವ ಕೊಂಬೆಗಳನ್ನು ಮಾತ್ರ ಬೇಸಗೆಯಲ್ಲಿ ತೆಗೆಯಿಸತಕ್ಕದ್ದು. ಕತ್ತಿಯಲ್ಲ, ಗರಗಸವೇ ಬೇಕು. ಕಾಂಡದಿಂದ ಸುಮಾರು 1 ಅಡಿ ದೂರದಲ್ಲಿ ಮೊದಲು ಕೊಂಬೆಯ ಕೆಳಮೈಯನ್ನು ಮೂರರಲ್ಲೊಂದು ಪಾಲಿನಷ್ಟು ಕೊಯ್ದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದರೆ, ಕಾಂಡದ ತೊಗಟೆಯನ್ನು ಸೀಳದೆ ಕೊಂಬೆಯು ಬೀಳುವುದು. ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ಅದರ ಹೊರಗೆ ಕೊಯ್ಯಬೇಕು. ಗಾಯವನ್ನು ಮುಚ್ಚುವ ತೊಗಟೆಯು ಆ ಉಬ್ಬಿನಿಂದಲೇ ಬೆಳೆಯತಕ್ಕದ್ದು. ಪೊಟರೆಗೆ ಸಿಮೆಂಟು ತುಂಬಿದರೆ ಒಳಗೆ ತೇವವು ನಿಲ್ಲುವುದೇ ಹೊರತು ಕೊಳೆಯು ನಿಲ್ಲದು.

ಅಂಗಳವನ್ನು ಎತ್ತರಿಸುವಾಗ ಬುಡಕ್ಕೆ ಮಣ್ಣೇರಿಸಿದರೆ ಬೇರುಗಳು ಉಸಿರಾಡಲಾರವು. ಬುಡದಲ್ಲಿ ಅಣಬೆ ಎದ್ದಿದ್ದರೆ ಬೇರು ಕೊಳೆತಿದೆಯೆಂದು ಶಂಕಿಸಬೇಕು. ಮರವು ಹೊಸದಾಗಿ ವಾಲಿ, ಬುಡದ ಮಣ್ಣು ಬಿರಿದಿದ್ದರೆ ಮಾತ್ರ ದಾಕ್ಷಿಣ್ಯ ಸಲ್ಲದು. ಅದು ಅಜ್ಜನ ಕಾಲದ ಮರವೇ ಆಗಲಿ, ಕೂಡಲೇ ಇಳಿಸಬೇಕು. ಅದುವರೆಗೆ ಅದರ ಕೆಳಗಿನ ಕೋಣೆಯಲ್ಲಿ ಯಾರನ್ನೂ ಮಲಗಿಸಬಾರದು.