ನಮ್ಮ ಬಾಳು ಯಾರ ಕೈಯಲ್ಲಿ?
(ತಾರಮಂಗಲಂ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೂಡಿಬಂದಿರುವ ಈ ತಾರಮಂಗಲಂ ನೇಕಾರರ ಊರು. ತೋಟದಲ್ಲಿ ದುಡಿಯುವ ನಮಗೆ ಮಗ್ಗದ ಕೆಲಸ ಬಾರದು. ಆದರೂ ನಿಂತು ನೋಡಿದರೆ ಒಂದು ಪಾಠ ಸಿಗುತ್ತದೆ. ಹಾಸಿನ ನೂಲನ್ನು ಎರಡು ಕಡೆಯಲ್ಲೂ ಬಿಗಿದು ಕಟ್ಟಿರುತ್ತಾರೆ. ಅದರ ನಡುವೆ ಲಾಳಿ ಓಡುತ್ತದೆ. ಹಾಸು ಸಡಿಲವಾದರೆ ಬಟ್ಟೆಯಾಗದು. ನೇಕಾರನ ಕೈಗೆ ಒಪ್ಪಿಸಿದ ನೂಲು ಸೋತು ಬಿದ್ದ ನೂಲಲ್ಲ, ಬಿಗಿಯಾಗಿ ನಿಂತ ನೂಲು. ದೇವರಿಗೆ ನಮ್ಮನ್ನು ಒಪ್ಪಿಸಿಕೊಡುವುದೂ ಹಾಗೆಯೇ.

ಲೈನ್ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಎಲ್ಲಾ ದೇವರ ಚಿತ್ತ. ಕೂಲಿ ಕಡಿತವಾದರೂ ದೇವರ ಚಿತ್ತ, ಗಂಡ ಕುಡಿದು ಬಂದು ಹೊಡೆದರೂ ದೇವರ ಚಿತ್ತ, ಮಗು ಶಾಲೆ ಬಿಟ್ಟರೂ ದೇವರ ಚಿತ್ತ. ಇದು ಶರಣಾಗತಿಯಲ್ಲ. ಮನುಷ್ಯರು ಮಾಡಿದ ತಪ್ಪನ್ನು ತಂದೆಯ ಮೇಲೆ ಹೊರಿಸುವುದು.

ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಏನು ಮಾಡಿದನು? ಕಷ್ಟದ ಪಾತ್ರೆಯನ್ನು ತೊಲಗಿಸಬೇಕೆಂದು ಮೊದಲು ತಂದೆಯನ್ನೇ ಬೇಡಿಕೊಂಡನು. ಸಂಕಟವನ್ನು ಮುಚ್ಚಿಡಲಿಲ್ಲ. ಆ ಮೇಲೆ ತನ್ನ ಇಷ್ಟವನ್ನು ತಂದೆಯ ಇಷ್ಟಕ್ಕೆ ಬಿಟ್ಟನು. ತನ್ನನ್ನು ಒಪ್ಪಿಸಿದ್ದು ತಂದೆಗೆ, ಪಿಲಾತನ ಅಧಿಕಾರಕ್ಕಲ್ಲ. ಆದ್ದರಿಂದ ಅಳುವುದೂ ಬೇಡುವುದೂ ಅಪನಂಬಿಕೆಯಲ್ಲ.

ನಮ್ಮ ಘಟ್ಟದ ಮಗಳೊಬ್ಬಳ ಬಾಳನ್ನು ನೋಡೋಣ. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಬರಗಾಲದ ದಿನಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನೂ ತೀರಿಕೊಂಡರು. ಕೈಯಲ್ಲಿ ಹೆಣ್ಣು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಕ್ರೈಸ್ತ ಮತ ದೊರಕಿದ್ದರೂ ಕ್ರಿಸ್ತನು ಇನ್ನೂ ದೊರಕಿಲ್ಲವೆಂದು ಅವರಿಗೆ ಅನಿಸುತ್ತಿತ್ತು. ಸುಮಾರು ಎಂಟು ವರ್ಷಗಳ ಮೇಲೆ, 1891ರ ಹೊತ್ತಿಗೆ, ತಮ್ಮ ವಿದ್ಯೆಯನ್ನೂ ಪುಣ್ಯವನ್ನೂ ನೆಚ್ಚುವುದನ್ನು ಬಿಟ್ಟು ಪೂರ್ಣವಾಗಿ ಕರ್ತನಿಗೆ ಒಪ್ಪಿಸಿಕೊಟ್ಟರು.

ಒಪ್ಪಿಸಿಕೊಟ್ಟ ಮೇಲೆ ಕೈಕಟ್ಟಿ ಕುಳಿತರೋ? ಇಲ್ಲ. 1896–97ರ ಕ್ಷಾಮದಲ್ಲಿ ತಾವೇ ಮಧ್ಯ ಪ್ರಾಂತ್ಯಕ್ಕೆ ಹೋಗಿ, ಹಸಿದು ಅಲೆಯುತ್ತಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿ ಸದನ ಬೆಳೆಯಿತು. ಅಲ್ಲಿ ವಿಧವೆಯರೂ ಅನಾಥೆಯರೂ ಓದು ಕಲಿತರು, ಬೇಸಾಯ, ನೇಯ್ಗೆ, ಅಚ್ಚಿನ ಕೆಲಸ ಕಲಿತರು. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡಾಗಲೂ ತಾಯಿ ಕೆಲಸ ಬಿಡಲಿಲ್ಲ. ಬೈಬಲನ್ನು ಮರಾಠಿಗೆ ತರುವ ಕೆಲಸ ಮುಗಿಸಿ 1922ರಲ್ಲಿ ಕರ್ತನ ಬಳಿಗೆ ಸೇರಿದರು.

ಪ್ರಿಯರೇ, ದೇವರಿಗೆ ಒಪ್ಪಿಸಿದ ಬಾಳನ್ನು ಬೇರೆಯವರು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಮುಂಗಡ ಕೊಟ್ಟವರು ಆ ಸಾಲದ ಹೆಸರಿನಲ್ಲಿ ನಮ್ಮನ್ನೂ ಮಕ್ಕಳನ್ನೂ ಕಟ್ಟಿಹಾಕಿ ದುಡಿಸಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಇದನ್ನು ಅಪರಾಧವೆನ್ನುತ್ತದೆ. ಜೀತದ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ. ಜಿಲ್ಲಾ ಕಲೆಕ್ಟರರ ಬಳಿ ದೂರು ಕೊಡುವುದು ನಂಬಿಕೆಗೆ ವಿರೋಧವಲ್ಲ. ಮೊದಲು ಮೊಣಕಾಲೂರಿ ಪ್ರಾರ್ಥಿಸೋಣ, ಆಮೇಲೆ ಎದ್ದು ಒಟ್ಟಾಗಿ ಹೋಗೋಣ.

ಹಾಗಾದರೆ ನಾವು ಏನನ್ನು ಬಿಟ್ಟುಕೊಡಬೇಕು? ಕುಡಿತವನ್ನು ಬಿಟ್ಟುಕೊಡೋಣ. ಪಕ್ಕದ ಲೈನಿನವರ ಮೇಲಿನ ಹಗೆಯನ್ನು ಬಿಟ್ಟುಕೊಡೋಣ. ನಾಳೆ ಏನಾಗುವುದೋ ಎಂಬ ಭಯವನ್ನು ಬಿಟ್ಟುಕೊಡೋಣ. ಭಾನುವಾರ ಮಾತ್ರ ದೇವರಿಗೆ, ಉಳಿದ ಆರು ದಿನ ನಮಗೆ ಎಂಬ ಲೆಕ್ಕ ಬೇಡ. ಬೆಳಿಗ್ಗೆ ಹಾಜರಿಗೆ ನಿಲ್ಲುವ ಮೊದಲು ಗಂಡ, ಹೆಂಡತಿ, ಮಕ್ಕಳು ಒಂದು ಗಳಿಗೆ ಕೂಡಿ, ಈ ದಿನವೂ ಈ ಕೈಗಳೂ ನಿನ್ನವು ಎಂದು ಕರ್ತನಿಗೆ ಹೇಳೋಣ.

ಹಾಗೆ ಹೇಳಿದವರು ಮೇಸ್ತ್ರಿಯ ಮುಂದೆ ನಿಂತಾಗಲೂ ತಲೆ ಎತ್ತಿ ನಿಲ್ಲುವರು. ಅಂಥ ಧೈರ್ಯವನ್ನು ಕರ್ತನು ನಮ್ಮ ಮನೆಮನೆಗೂ ದಯಪಾಲಿಸಲಿ. ಆಮೆನ್.